ನಮ್ಮ ಲೆಕ್ಕ, ಯಾರ ಬರಹ?

ಸಂತೆಕಟ್ಟೆಯ ಹೆಸರಲ್ಲೇ ವ್ಯಾಪಾರವಿದೆ. ಉಡುಪಿ ಬಳಿ, ಕಲ್ಯಾಣಪುರದ ಮಗ್ಗುಲಿನ ಈ ಹೆದ್ದಾರಿ ಊರಿನ ಹುಡುಗ ಹುಡುಗಿಯರು ಈಗ ಬಸ್ಸು ಹತ್ತಿ ಮಣಿಪಾಲಕ್ಕೆ ದುಡಿಯಲು ಹೋಗುತ್ತಾರೆ. ಮೀನಿನ ಬೆಲೆಗೆ ಚೌಕಾಸಿ ಮಾಡಲು ಅಳುಕದವರೂ ಜುಲೈ ಬಂದು ಮೊದಲ ಆದಾಯ ತೆರಿಗೆ ರಿಟರ್ನ್ ಎದುರಾದಾಗ ಹಿಂಜರಿಯುತ್ತಾರೆ. ಲೆಕ್ಕ ಬಾರದ ಕಾರಣಕ್ಕೆ ಎನ್ನಲಾಗದು. ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗಿನಿಂದ ದಿನಕ್ಕೆ ಎರಡಾಣೆಯನ್ನೂ ಎಣಿಸಿಟ್ಟ ನೆಲ ಇದು. ಅಳುಕಿನ ಬೇರು ಬೇರೆಡೆ ಇದೆ: ಸರ್ಕಾರದ ಮುಂದಿಡುವ ನಮ್ಮ ಲೆಕ್ಕವನ್ನು ಇನ್ನೊಬ್ಬರು ಬರೆಯುವುದೇ ಇಲ್ಲಿ ತಲೆಮಾರುಗಳ ರೂಢಿಯಾಗಿತ್ತು. ಆ ರೂಢಿ ಕರಾವಳಿಯಲ್ಲಿ ಒಮ್ಮೆ ಮುರಿದದ್ದೂ ಉಂಟು.

ಹಿಂದೆ ಲೆಕ್ಕವಿದ್ದದ್ದು ಶಾನುಭೋಗರ ಕಡತದಲ್ಲಿ. ಬಟ್ಟೆಗೆ ಅಂಟು ಬಳಿದು, ಇದ್ದಿಲಿನಿಂದ ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ ಅದು. ಬಳಪದಿಂದ ಬರೆಯುವುದು, ಬೇಕಾದಾಗ ಒರೆಸಿ ತಿದ್ದುವುದು. ಒರೆಸುವ ಬಟ್ಟೆ ಯಾರ ಕೈಯಲ್ಲಿತ್ತೋ ಅಧಿಕಾರವೂ ಅವರದೇ. ಗೇಣಿಗೆ ಉಳುವ ಒಕ್ಕಲಿಗೆ ಗೊತ್ತಿದ್ದದ್ದು ತಾನು ಕೊಡುವ ಗೇಣಿಯಷ್ಟೆ. ಸರ್ಕಾರಕ್ಕೆ ಕಟ್ಟುವ ತೀರ್ವೆಯ ಲೆಕ್ಕ ಭೂಮಿಯ ಒಡೆಯನಾದ ವರ್ಗದಾರನದು. 1800ರಲ್ಲಿ ಕಲೆಕ್ಟರ್ ಥಾಮಸ್ ಮನ್ರೋ ಕೆನರಾದಲ್ಲಿ ಭೂಮಿ ಹಳೆಯ ಕಾಲದಿಂದಲೂ ಖಾಸಗಿ ಸ್ವತ್ತೆಂದು ವರದಿ ಮಾಡಿದ. ಆದರೆ ಆ ಸ್ವತ್ತಿನಲ್ಲಿ ಉಳುವವನ ಹೆಸರಿರಲಿಲ್ಲ. 1830-31ರಲ್ಲಿ ಕೆನರಾದ ರೈತರು ಕೂಟ ಸೇರಿ ಕಿಸ್ತು ಕಟ್ಟದೆ ನಿಂತರು. ದನಿ ಎದ್ದಿತು, ಬರಹ ಮಾತ್ರ ಕೈಗೆ ಬರಲಿಲ್ಲ.

ಬರಹ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿದಾರರು ತಾವು ಉಳುವ ಭೂಮಿಯ ಹಕ್ಕಿಗಾಗಿ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಇಲ್ಲಿನ ಮನೆಮಾತಿನಲ್ಲಿ ಅದು ‘ಡಿಕ್ಲರೇಶನ್’. ಸರ್ವೆ ನಂಬರು, ವಿಸ್ತೀರ್ಣ, ಧಣಿಯ ಹೆಸರು: ಅಕ್ಷರ ಯಾರದೇ ಇರಲಿ, ಹೇಳಿಕೆ ಒಕ್ಕಲಿನದೇ, ಕೆಳಗಿನ ಹೆಬ್ಬೆಟ್ಟೂ ಅವನದೇ. ನ್ಯಾಯಮಂಡಳಿಯ ಮುಂದೆ ವಕೀಲರು ನಿಲ್ಲಬಾರದೆಂಬ ವಿಧಿಯೂ ಕಾಯ್ದೆಯಲ್ಲಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಅರ್ಜಿಗೆ 1979ರ ಜೂನ್ 30 ಕೊನೆಯ ದಿನವಾಯಿತು. ಅದನ್ನು ತಪ್ಪಿಸಿಕೊಂಡವರಿಗೆ ಉಳುಮೆ ನಿಜವಾಗಿದ್ದರೂ ಸಾಲಲಿಲ್ಲ.

ಆ ಡಿಕ್ಲರೇಶನ್ನನ್ನು ಇಂದಿನ ತೆರಿಗೆ ರಿಟರ್ನಿಗೆ ಹೋಲಿಸಿದರೆ ಆಕ್ಷೇಪ ಸಹಜ. ಡಿಕ್ಲರೇಶನ್ ಭೂಮಿ ಪಡೆಯುವುದಕ್ಕೆ, ರಿಟರ್ನ್ ತೆರಿಗೆ ಕೊಡುವುದಕ್ಕಲ್ಲವೇ? ಕೊಡುವ ಕೆಲಸ ಹಲವು ಬಾರಿ ಮೊದಲೇ ಮುಗಿದಿರುತ್ತದೆ. ಸಂಸ್ಥೆಯೊಂದು ಹೊಸ ವಿನ್ಯಾಸಗಾರ್ತಿಗೆ 60,000 ರೂಪಾಯಿ ವೃತ್ತಿ ಶುಲ್ಕ ಕೊಡುವಾಗ ಮೂಲದಲ್ಲೇ ತೆರಿಗೆಯಾಗಿ 6,000 ರೂಪಾಯಿ (ಟಿಡಿಎಸ್) ಮುರಿದುಕೊಂಡಿತೆನ್ನಿ. ವರ್ಷದ ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೂ ಆ ಹಣ ತಾನಾಗಿ ಮರಳದು. ರಿಟರ್ನ್ ಸಲ್ಲಿಸಿ ಕೇಳಬೇಕು. ಅದೂ ಒಂದು ಹಕ್ಕಿನ ಹೇಳಿಕೆಯೇ. ಇನ್ನೊಂದು ಆಕ್ಷೇಪ: ತೆರಿಗೆ ಪೋರ್ಟಲ್ಲೇ ಅಂಕಿಗಳನ್ನು ತುಂಬಿಕೊಡುತ್ತದೆ, ಉಳಿದದ್ದಕ್ಕೆ ಸಿಎ ಇದ್ದಾರೆ, ಕಲಿಯುವುದು ಏತಕ್ಕೆ? ಮೊದಲೇ ತುಂಬಿದ ಫಾರಂ ಈ ಕಾಲದ ಶಾನುಭೋಗ. ಬರೆಯಲು ಬೇರೆಯವರ ನೆರವು ಪಡೆಯುವುದು ತಪ್ಪಲ್ಲ, ಒಕ್ಕಲುಗಳೂ ಪಡೆದರು. ಆದರೆ ಯಾವ ಗದ್ದೆ ತಾನು ಉಳುವುದೆಂದು ಒಕ್ಕಲೇ ಹೇಳಬೇಕಿತ್ತು. ಹಾಗೆಯೇ ಉದ್ಯೋಗದಾತರು ಕೊಡುವ ಫಾರಂ 16ರ ಸಂಬಳ, ತೆರಿಗೆ ಇಲಾಖೆಯ 26ಎಎಸ್‌ನ ಟಿಡಿಎಸ್, ವಾರ್ಷಿಕ ಮಾಹಿತಿ ವಿವರವಾದ ಎಐಎಸ್‌ನಲ್ಲಿ ಕಾಣುವ ಉಳಿತಾಯ ಖಾತೆಯ ಬಡ್ಡಿ, ಇವನ್ನು ತಾಳೆ ನೋಡಬೇಕಾದವರು ಹೆಸರಿನ ಒಡೆಯರೇ. ಬಿಟ್ಟುಹೋದ ಬಡ್ಡಿಗೆ ನೋಟಿಸು ಬರುವುದು ಬರೆದುಕೊಟ್ಟವರಿಗಲ್ಲ.

ಆದ್ದರಿಂದ ಮೊದಲ ರಿಟರ್ನಿಗೆ ಬೇಕಾದ ಧೈರ್ಯವನ್ನು ಸ್ಲ್ಯಾಬುಗಳ ಪಟ್ಟಿ ಬಾಯಿಪಾಠ ಮಾಡಿಸಿ ತುಂಬಲಾಗದು. ಒಂದು ವರ್ಷದ ಬ್ಯಾಂಕ್ ವಿವರ ಎದುರಿಗಿಟ್ಟು, ಒಳಬಂದ ಪ್ರತಿ ಮೊತ್ತಕ್ಕೂ ‘ಇದು ಎಲ್ಲಿಂದ ಬಂತು?’ ಎಂದು ಕೇಳಿಕೊಂಡರೆ ಅರ್ಧ ಹೆದರಿಕೆ ಇಳಿಯುತ್ತದೆ. ತಪ್ಪಾದರೆ ಗಡುವಿನೊಳಗೆ ತಿದ್ದಿ ಮತ್ತೆ ಸಲ್ಲಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಕಡತವನ್ನು ಒರೆಸಿ ಬರೆಯುವ ಬಳಪ ಈಗ ಲೆಕ್ಕದ ಒಡೆಯರ ಕೈಯಲ್ಲೇ ಇದೆ.