ನಾಗಪುರ ಸೀಮೆಯ ಕೆರೆಗಳೂ ಧೀವರರ ಗಾಳವೂ

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಶಕವರ್ಷ 862ರಲ್ಲಿ, ಎಂದರೆ ಕ್ರಿಸ್ತಶಕ 940ರಲ್ಲಿ, ಬರೆಯಿಸಿದ ತಾಮ್ರಶಾಸನವೊಂದು ಇಂದಿನ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತಿದೆ. ಅದರಲ್ಲಿ ದತ್ತಿಯಾಗಿ ಕೊಟ್ಟ ಗ್ರಾಮವು ‘ನಾಗಪುರ-ನಂದಿವರ್ಧನ’ವೆಂಬ ವಿಷಯಕ್ಕೆ, ಎಂದರೆ ಆಡಳಿತ ವಿಭಾಗಕ್ಕೆ, ಸೇರಿದುದೆಂದು ಹೇಳಿರುವುದರಿಂದ, ನಾಗಪುರದ ಹೆಸರೆತ್ತಿದ ಅತಿ ಪ್ರಾಚೀನ ದಾಖಲೆಗಳಲ್ಲೊಂದು ಕನ್ನಡನಾಡಿನ ಅರಸನದೆಂದು ನಾವು ತುಸು ಹೆಮ್ಮೆಪಟ್ಟರೆ ತಪ್ಪಾಗಲಾರದು. ಆದರೆ ಶಾಸನಗಳು ದಾನಿಯನ್ನೂ ಪ್ರತಿಗ್ರಹಿಯನ್ನೂ ಚತುಸ್ಸೀಮೆಯನ್ನೂ ಹೇಳಿ ಮುಗಿಸುತ್ತವೆಯೇ ಹೊರತು, ಆ ಸೀಮೆಯೊಳಗಿನ ನೀರಿನಲ್ಲಿ ವೈಶಾಖದ ಬಿಸಿಲಿಗೆ ಮೀನು ಯಾವ ಮಡುವನ್ನು ಸೇರುತ್ತದೆಂಬುದನ್ನು ಬಲ್ಲವನ ಸುದ್ದಿಯನ್ನು ಎತ್ತುವುದಿಲ್ಲ. ವಿದರ್ಭದ ಕೆರೆಗಳ ಚರಿತ್ರೆಯನ್ನು ಓದುತ್ತ ಹೋದಷ್ಟೂ ಈ ಮೌನವೇ ಮತ್ತೆ ಮತ್ತೆ ಎದುರಾಗುತ್ತದೆ.

ಈಗಿನ ಪಟ್ಟಣವನ್ನು 1702ರ ಸುಮಾರಿಗೆ ನಾಗ್ ನದಿಯ ದಡದಲ್ಲಿ ನೆಲೆಗೊಳಿಸಿದವನು ದೇವಗಢದ ಗೊಂಡರಾಜ ಬಖ್ತ್ ಬುಲಂದ್ ಶಾಹ. ಅವನ ತರುವಾಯ ಬಂದ ಚಾಂದ್ ಸುಲ್ತಾನನು ಊರಿಗೆ ಕೋಟೆಗೋಡೆಯನ್ನೂ, ಇಂದು ಗಾಂಧಿಸಾಗರವೆನಿಸಿರುವ ಜುಮ್ಮಾ ತಲಾವನ್ನೂ ಕಟ್ಟಿಸಿದನು. ತೇಲಂಖೇಡಿ, ಸೋನೆಗಾಂವ, ಸಕ್ಕರದರಾ ಕೆರೆಗಳು ಮುಂದೆ ಆಳಿದ ಮರಾಠಾ ಅರಸರಾದ ಭೋಸಲೆಯವರ ಕಾಲದ ನೆನಪುಗಳು. ಅಂಬಾಝರಿಯ ಏರಿಯನ್ನು ಎತ್ತರಿಸಿ ನಗರಕ್ಕೆ ಕೊಳವೆಯ ನೀರು ಹರಿಸಿದುದು ಆಂಗ್ಲರ ಆಡಳಿತ. ಇವೆಲ್ಲ ಅರಸರ ಮತ್ತು ಸರಕಾರದ ಕೆರೆಗಳಾದುದರಿಂದ ಇವುಗಳ ಕಥೆ ಗೆಜೆಟಿಯರುಗಳಲ್ಲಿ ಸುಲಭವಾಗಿ ದೊರೆಯುತ್ತದೆ.

ನಿಜವಾದ ಕೆರೆಗಳ ನಾಡು ಇರುವುದು ನಗರದ ಪೂರ್ವಕ್ಕೆ. ಭಂಡಾರಾ, ಗೊಂದಿಯಾ, ಚಾಂದಾ ಸೀಮೆಗಳಲ್ಲಿ ಗೊಂಡ ಅರಸರು ಕಾಡು ಕಡಿದು ಊರು ಕಟ್ಟಿದವನಿಗೆ ಊರನ್ನೂ, ಕೆರೆ ಕಟ್ಟಿದವನಿಗೆ ಆ ಕೆರೆಯ ನೀರುಣ್ಣುವ ಭೂಮಿಯನ್ನೂ ಬಿಟ್ಟುಕೊಡುತ್ತಿದ್ದರೆಂದು ಪ್ರತೀತಿ. ಈ ಔದಾರ್ಯದ ಪೂರ್ಣಪ್ರಯೋಜನ ಪಡೆದವರು ಕೋಹಳಿಗಳೆಂಬ ಒಕ್ಕಲಿಗರು. ಚಾಂದಾದ ಅರಸನೊಬ್ಬನು ಕಾಶೀಯಾತ್ರೆಗೆ ಹೋದಾಗ ಇವರ ಕೈಚಳಕಕ್ಕೆ ಮೆಚ್ಚಿ ಕರೆತಂದನೆಂದು ಐತಿಹ್ಯವುಂಟು. ಅವರ ಕೃತಿಗಳಲ್ಲಿ ಶ್ರೇಷ್ಠವಾದುದು ಹದಿನೆಂಟನೆಯ ಶತಮಾನದ ಆದಿಯಲ್ಲಿ ಕೋಲು ಪಟೇಲನು ಕಟ್ಟಿಸಿದ ನವೇಗಾಂವದ ಕೆರೆ. ಸುತ್ತಳತೆ 17 ಮೈಲಿ. ಸುತ್ತ ‘ಸಾತ್ ಬಹಿಣಿ’ ಎಂಬ ಏಳು ಶಿಖರಗಳು. ಕಟ್ಟಿದವನು ಕೋಲಾಸುರ ದೇವನೆಂಬ ಹೆಸರಿನಿಂದ ಅಲ್ಲಿಯೇ ಪೂಜೆಗೊಳ್ಳುತ್ತಾನೆ. ಇಂಥ ಕೆರೆಗಳು, ಚಿಕ್ಕವು ದೊಡ್ಡವು ಸೇರಿ, ಈ ಸೀಮೆಯಲ್ಲಿ ಆರು ಸಾವಿರಕ್ಕೂ ಮಿಕ್ಕಿದ್ದುವು.

ಇಂಥ ಕೆರೆಯೊಂದಕ್ಕೆ ಬೇಸಗೆಯಲ್ಲಿ ಹೊಸಬನಾಗಿ ಬಂದವನು ಮೀನನ್ನು ಎಲ್ಲಿ ಹುಡುಕಬೇಕು? ಎರಡು ಗುಡ್ಡಗಳ ನಡುವೆ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಕೆರೆಯಾದುದರಿಂದ ಆಳವೆಲ್ಲ ಏರಿಯ ಬುಡದಲ್ಲಿ, ತೂಬಿನ ಸುತ್ತಿನಲ್ಲಿ, ಏರಿಗೆಂದು ಮಣ್ಣು ತೆಗೆದ ಗುಂಡಿಗಳಲ್ಲಿ ಮತ್ತು ನೀರಿನಡಿ ಮುಳುಗಿರುವ ಹಳೆಯ ಹಳ್ಳದ ಪಾತ್ರದಲ್ಲಿ ಇರುತ್ತದೆ. ಎದುರು ದಡವು ಕ್ರಮಕ್ರಮವಾಗಿ ತೆಳುವಾಗಿ, ತಾವರೆ ಜೊಂಡುಗಳ ನಡುವೆ ಎಲ್ಲಿ ನೀರು ಮುಗಿದು ನೆಲ ಆರಂಭವಾಯಿತೆಂದು ಹೇಳಲಾಗದಂತೆ ಗದ್ದೆಗಳಲ್ಲಿ ಕೊನೆಗೊಳ್ಳುತ್ತದೆ. ನಾಗಪುರದ ಮೇ ತಿಂಗಳ ಬಿಸಿಲು 45 ಡಿಗ್ರಿಯನ್ನು ಮುಟ್ಟಿ ಮೀರುವಂಥದು. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಹಗಲೆಲ್ಲ ಅದನ್ನು ಹೊಮ್ಮಿಸುವ ಪಾಚಿಯೇ ಇರುಳೆಲ್ಲ ಅದನ್ನು ಹೀರುವುದರಿಂದ, ಬೆಳಗಿನ ಜಾವದಲ್ಲಿ ಕೊರತೆ ಪರಮಾವಧಿಗೇರಿ, ರೋಹು ಕಾಟ್ಲಾಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಅದನ್ನು ಮೀನಿನ ಹಸಿವೆಂದು ಭ್ರಮಿಸಿ ಗಾಳ ಬಿಟ್ಟವನು ಬರಿಗೈಯಲ್ಲಿ ಮರಳುವುದೇ ಸರಿ.

ಆ ವೇಳೆಯಲ್ಲಿ ನಿಶ್ಚಿಂತೆಯಿಂದಿರುವುದು ಕೊರವ. ನಾಗಪುರದ ಪೇಟೆಯಲ್ಲಿ ಇದಕ್ಕೆ ಮರಳ ಎನ್ನುತ್ತಾರೆ. ಹಾವಿನಂಥ ತಲೆ, ಉದ್ದವಾದ ಬೆನ್ನುರೆಕ್ಕೆ, ಜೊಂಡಿನ ನೆರಳಿನಲ್ಲಿ ಮರದ ತುಂಡಿನಂತೆ ನಿಶ್ಚಲವಾಗಿ ಬಿದ್ದಿದ್ದು ಎದುರಿಗೆ ಕಪ್ಪೆ ಹಾಯ್ದ ಕ್ಷಣದಲ್ಲಿ ಎರಗುವ ಸ್ವಭಾವ. ಕಿವಿರುಗಳಲ್ಲದೆ ನೇರವಾಗಿ ವಾಯುವನ್ನು ಸೇವಿಸಬಲ್ಲ ಅಂಗವೂ ಇರುವುದರಿಂದ, ಬೇರೆ ಮೀನುಗಳಿಗೆ ಪ್ರಾಣಾಂತಿಕವಾದ ಬಿಸಿನೀರಿನ ಅಂಚು ಇದಕ್ಕೆ ವಾಸಯೋಗ್ಯವೇ ಆಗಿದೆ. ನೀರು ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮಳೆಗಾಗಿ ಕಾಯುತ್ತದೆ. ಆದರೆ ಉಸಿರಿಗಾಗಿ ಆಗಾಗ ಮೇಲೇರಲೇಬೇಕು. ಎಲೆಗಳ ನಡುವೆ ಒಂದು ಸಣ್ಣ ಸುಳಿ, ಒಂದು ಗುಳ್ಳೆ, ಮತ್ತೆ ಅಲ್ಲಿಯೇ ಇನ್ನೊಂದು: ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಬೆಸ್ತನು ಇಷ್ಟನ್ನೇ ನೋಡಿ, ಮೀನಿನ ಗಾತ್ರವನ್ನೂ ಅದರ ಬೀಡನ್ನೂ ಲೆಕ್ಕ ಹಾಕಿ, ಬಿದಿರ ಕೋಲಿನ ತುದಿಯಿಂದ ಸಜೀವ ಕಪ್ಪೆಯೊಂದನ್ನು ಆ ಎಲೆಗಳ ಸಂದಿನಲ್ಲಿ ಮೆಲ್ಲನೆ ಕುಣಿಸುತ್ತಾನೆ. ಅಮೆರಿಕದವರು ಅತಿಯಾಗಿ ಕೊಂಡಾಡುವ ‘ಬ್ಯಾಸ್’ ಮೀನೂ ಕಳೆಯ ಮರೆಯಲ್ಲಿ ಅಡಗಿ ಕಪ್ಪೆಗೆ ಮರುಳಾಗುವುದೇ. ಆ ಮೀನಿನ ಮೇಲೆ ಅಲ್ಲಿ ಕಪಾಟು ತುಂಬುವಷ್ಟು ಗ್ರಂಥಗಳಿದ್ದರೆ, ನಮ್ಮ ಕೊರವದ ವಿದ್ಯೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದೇ ಆಗಿದೆ.

ಆ ವಿದ್ಯೆಯ ವಾರಸುದಾರರು ಧೀಮರ್ ಅಥವಾ ಧೀವರರು. 1916ರಲ್ಲಿ ಪ್ರಕಟವಾದ ರಸೆಲ್ ಮತ್ತು ರಾಯಬಹಾದ್ದೂರ್ ಹೀರಾಲಾಲರ ನಾಲ್ಕು ಸಂಪುಟಗಳ ಗ್ರಂಥದಲ್ಲಿ ಮಧ್ಯಪ್ರಾಂತದ ಜಾತಿಗಳ ವರ್ಣನೆಯಿದೆ. ಅದರಲ್ಲಿ ಧೀಮರರ ಒಳಪಂಗಡಗಳ ಪಟ್ಟಿಯನ್ನು ಓದುವಾಗ ನನಗೆ ಒಂದು ಜಲವಿಶ್ವಕೋಶವನ್ನೇ ಓದಿದಂತಾಯಿತು. ನೀರಿನಲ್ಲಿ ಬೆಳೆಯುವ ಸಿಂಘಾಡಾ ಕಾಯಿಯ ಬೆಳೆಗಾರರು ಸಿಂಗಾರಿಯಾ; ಹೊಳೆಯ ದಂಡೆಯವರು ನಾಢಾ; ಸೀಗಡಿ ಹಿಡಿಯುವವರು ಝಿಂಗಾ; ಬನ್ಸಿ ಎಂಬ ಬಿದಿರ ಗಾಳಕೋಲಿನಿಂದಲೇ ಹೆಸರು ಪಡೆದು ಗಾಳವನ್ನೇ ಕುಲವೃತ್ತಿಯಾಗಿಸಿಕೊಂಡವರು ಬನ್ಸಿಯಾ. ಮೀನು ಹಿಡಿಯುವವರಾದರೂ ಮೇಲ್ಜಾತಿಯವರು ಅವರ ಕೈಯ ನೀರನ್ನು ಸ್ವೀಕರಿಸುತ್ತಿದ್ದರು. ಮನೆಗೆ ನೀರು ಹೊರುವುದೂ ಪಲ್ಲಕ್ಕಿ ಹೊರುವುದೂ ಅವರ ಕೆಲಸವಾಗಿತ್ತು. ನೀರು ಹೊತ್ತವನನ್ನು ಮನೆಯೊಳಕ್ಕೆ ಬಿಟ್ಟುಕೊಂಡ ಸಮಾಜವು ನೀರಿನ ಒಡೆತನದೊಳಕ್ಕೆ ಮಾತ್ರ ಬಿಟ್ಟುಕೊಳ್ಳಲಿಲ್ಲ.

ಅತ್ತ ಆಂಗ್ಲ ಅಧಿಕಾರಿಗಳು ವರ್ಗವಾಗಿ ಹೋದ ಊರಿನಲ್ಲೆಲ್ಲ ಅಪರಿಚಿತ ಕೆರೆಗೆ ಗಾಳ ಹಾಕುವವರು. ಅವರ ಕೈಪಿಡಿಯಾದ ‘ದ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ 1873ರಲ್ಲಿ ಮೊದಲು ಅಚ್ಚಾದುದು ನಮ್ಮ ಮಂಗಳೂರಿನಲ್ಲಿ. ಬರೆದವನು ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಕೆರೆಯ ಗಾಳವನ್ನೇ ಕುರಿತು ಅವನು 1887ರಲ್ಲಿ ಇನ್ನೊಂದು ಪುಸ್ತಕ ಬರೆದನು. ನಮ್ಮ ಮಲೆನಾಡಿನ ಸೊರಬ ಸಾಗರಗಳ ಕಡೆ ಬೇಸಗೆಯಲ್ಲಿ ನೀರಿಳಿದಾಗ ಊರೂರವರು ಕೂಣಿಯೆಂಬ ಬಿದಿರ ಬುಟ್ಟಿ ಹಿಡಿದು ಒಟ್ಟಾಗಿ ಇಳಿಯುವ ಕೆರೆಬೇಟೆಗೆ ಇಂಥ ಕೈಪಿಡಿ ಬೇಕಾಗಲಿಲ್ಲ. ಅಲ್ಲಿ ಕೆರೆ ಎಲ್ಲರದು, ಆ ದಿನವೂ ಎಲ್ಲರದು.

ನಾಗಪುರ ಸೀಮೆಯಲ್ಲಿ ಹಾಗಾಗಲಿಲ್ಲ. 1853ರಲ್ಲಿ ಭೋಸಲೆ ರಾಜ್ಯ ಕಂಪನಿಯ ವಶವಾಗಿ, 1861ರಲ್ಲಿ ಮಧ್ಯಪ್ರಾಂತ ರಚನೆಯಾದ ಮೇಲೆ ನಡೆದ ಕಂದಾಯ ಬಂದೋಬಸ್ತಿನಲ್ಲಿ ಮಾಲ್ಗುಜಾರರು, ಎಂದರೆ ಊರಿನ ಕಂದಾಯ ಕಟ್ಟುವ ಜಮೀನುದಾರರು, ಊರಿನೊಡನೆ ಕೆರೆಗೂ ಒಡೆಯರೆನಿಸಿದರು. 1951ರಲ್ಲಿ ಮಾಲ್ಗುಜಾರಿ ರದ್ದಾಯಿತು; ಕೆರೆ ಸರಕಾರಕ್ಕೆ ಬಂತು; ‘ಮಾಜಿ ಮಾಲ್ಗುಜಾರಿ ತಲಾವು’ ಎಂಬ ಹೆಸರಷ್ಟೇ ಉಳಿಯಿತು. ಮೀನಿನ ಹಕ್ಕು ಸಹಕಾರಿ ಸಂಘಗಳಿಗೆ ಗುತ್ತಿಗೆಯಾಗಿ ದೊರೆತುದು ಧೀವರರಿಗೆ ಲಾಭವೇ ಸರಿ. ಆದರೆ 1957ರ ಜುಲೈ 10ರಂದು ಒರಿಸ್ಸಾದ ಅಂಗುಲದಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಮೀನಿಗೆ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆ, ರೋಹು ಕಾಟ್ಲಾಗಳ ಮರಿ ಹೇರಳವಾಗಿ ಸಿಗತೊಡಗಿ, ಮರಿಗಳನ್ನು ನುಂಗುವ ಕೊರವವು ಕೆರೆಯ ಲೆಕ್ಕದಲ್ಲಿ ಶತ್ರುವಾಯಿತು. ‘ಬೇಷರಮ್’ ಎಂದು ಜನ ಬಯ್ಯುವ ಪರದೇಶದ ಗಿಡ ದಡಗಳನ್ನು ಮುತ್ತಿತು. ತಾವರೆ ಜೊಂಡುಗಳು ಹಿಮ್ಮೆಟ್ಟಿದುವು.

ಇತ್ತೀಚಿನ ವರ್ಷಗಳಲ್ಲಿ ಭಂಡಾರಾ-ಗೊಂದಿಯಾಗಳ ಕೆಲವು ಕೆರೆಗಳಲ್ಲಿ ಧೀವರ ಸ್ತ್ರೀಯರೇ ಬೇಷರಮ್ ಕಿತ್ತು, ಹಳೆಯ ಜಲಸಸ್ಯಗಳನ್ನು ಹುಡುಕಿ ತಂದು ನೆಟ್ಟಿದ್ದಾರೆ. ಕಾಣೆಯಾಗಿದ್ದ ದೇಶೀ ಮೀನುಗಳು ಮರಳಿವೆ. ಹೂಳೆತ್ತುವ ಯಂತ್ರಗಳೊಡನೆ ಕೆರೆಗೆ ಬರುವ ಇಂಜಿನಿಯರುಗಳಲ್ಲಿ ನನ್ನದು ಒಂದೇ ಬಿನ್ನಹ: ಎಲ್ಲೆಡೆ ಒಂದೇ ಸಮನಾಗಿ ಅಗೆದು ತೆಳುನೀರಿನ ಅಂಚನ್ನು ಅಳಿಸಿಹಾಕುವ ಮುನ್ನ, ಮೀನು ಎಲ್ಲಿ ಬೇಸಗೆ ಕಳೆಯುತ್ತದೆಂದು ಆ ಊರಿನ ಧೀವರರನ್ನು ಕೇಳಿರಿ, ಅವರು ಹೇಳಿದುದನ್ನು ನಕ್ಷೆಯ ಮೇಲೆ ಬರೆದುಕೊಳ್ಳಿರಿ.