ಲಬುಬು ಗೊಂಬೆಯೊಳಗೆ ‘ಎಕ್ಸಾರ್ಸಿಸ್ಟ್’ ಸಿನಿಮಾದ ಭೂತ ಇದೆಯೇ? ನಿಜವಾದ ಅಪಾಯ ಯಾವುದು?

ಲಬುಬು ಗೊಂಬೆ ಮನೆಗೆ ತಂದರೆ ಪಜುಜು ಎಂಬ ದುಷ್ಟಶಕ್ತಿಯೂ ಜೊತೆಗೆ ಬರುತ್ತದೆ, ಕೂಡಲೇ ಸುಟ್ಟುಹಾಕಿ ಎಂಬರ್ಥದ ಸಂದೇಶಗಳು 2025ರಲ್ಲಿ ಎಲ್ಲೆಡೆ ಹರಿದಾಡಿದವು. ಇದರಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಗೊಂಬೆ ಹುಟ್ಟಿದ್ದು ಹೇಗೆ?

ಲಬುಬು ಪಾತ್ರವನ್ನು ರಚಿಸಿದವರು ಹಾಂಗ್‌ಕಾಂಗ್ ಮೂಲದ ಕಲಾವಿದ ಕಾಸಿಂಗ್ ಲಂಗ್. ನೆದರ್ಲೆಂಡ್ಸ್‌ನಲ್ಲಿ ಬೆಳೆದ ಅವರು ಉತ್ತರ ಯುರೋಪಿನ ಜನಪದ ಕಥೆಗಳ ಪ್ರಭಾವದಿಂದ 2015ರಲ್ಲಿ ಇದನ್ನು ಚಿತ್ರಿಸಿದರು. ಚೀನಾದ ಪಾಪ್ ಮಾರ್ಟ್ ಕಂಪನಿ 2019ರಿಂದ ಇದರ ಗೊಂಬೆಗಳನ್ನು ಮಾರುತ್ತಿದೆ. ಪಜುಜುವಿಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಪಜುಜು ಯಾರು?

ಪ್ರಾಚೀನ ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕ್ ಭಾಗದ ಗಾಳಿಯ ಪಿಶಾಚಿ. 1973ರ ‘ದಿ ಎಕ್ಸಾರ್ಸಿಸ್ಟ್’ ಸಿನಿಮಾದಿಂದ ಜಗತ್ತಿಗೆ ಪರಿಚಯವಾಯಿತು. ಆದರೆ ಆ ಕಾಲದ ಜನ ಇದರ ಮುಖವನ್ನು ತಾಯತದಂತೆ ಬಳಸುತ್ತಿದ್ದರು! ಗರ್ಭಿಣಿ, ಬಾಣಂತಿ ಮತ್ತು ಹಸುಗೂಸನ್ನು ಕಾಡುವ ಲಮಶ್ತು ಎಂಬ ಪಿಶಾಚಿಯನ್ನು ಓಡಿಸಲು ಪಜುಜು ಬೇಕೆಂದು ನಂಬಿದ್ದರು. ನಮ್ಮ ಬೀದರ್, ಭಾಲ್ಕಿ, ಔರಾದ್ ಕಡೆ ಕಟ್ಟುತ್ತಿರುವ ಮನೆಗೆ ಕಣ್ಣು ತಾಗದಿರಲಿ ಎಂದು ಕೋರೆಹಲ್ಲಿನ ದೃಷ್ಟಿಬೊಂಬೆ ತೂಗುಹಾಕುವುದಿಲ್ಲವೇ, ಹಾಗೆ. ಮುಖ ಭಯಂಕರವಾಗಿದ್ದ ಮಾತ್ರಕ್ಕೆ ಕೇಡು ತರುತ್ತದೆ ಎಂದರ್ಥವಲ್ಲ.

ನಿಜವಾದ ಅಪಾಯ ನಕಲಿಯಲ್ಲಿದೆ

ನಕಲಿ ಲಬುಬುಗಳ ಬಿಡಿಭಾಗಗಳು ಕಳಚಿ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಅಸಲಿ ಗೊಂಬೆಗೆ ಒಂಬತ್ತು ಹಲ್ಲು. ಪೆಟ್ಟಿಗೆಯ ಮೇಲೆ ಹೊಳೆಯುವ ಹೋಲೋಗ್ರಾಮ್ ಮತ್ತು ಕ್ಯೂಆರ್ ಕೋಡ್ ಇರುತ್ತದೆ. ಅಸಲಿಯೂ ಸಹ 15 ವರ್ಷ ಮೇಲ್ಪಟ್ಟವರ ಸಂಗ್ರಹಕ್ಕೇ ಹೊರತು ಕೂಸಿನ ಆಟಕ್ಕಲ್ಲ. ಮಕ್ಕಳಿಗೆ ಆಟಿಕೆ ಬೇಕಿದ್ದರೆ ಐಎಸ್‌ಐ ಗುರುತು ನೋಡಿ ಕೊಳ್ಳಿ. 14 ವರ್ಷದೊಳಗಿನವರ ಆಟಿಕೆಗಳಿಗೆ ಭಾರತದಲ್ಲಿ 2021ರ ಜನವರಿ 1ರಿಂದ ಅದು ಕಡ್ಡಾಯ.

‘ಅಪರೂಪದ್ದು, ಬೆಲೆ ಏರುತ್ತದೆ’ ಎಂಬುದು?

ಮನುಷ್ಯನೆತ್ತರದ ಒಂದು ಲಬುಬು 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ 10.8 ಲಕ್ಷ ಯುವಾನ್‌ಗೆ ಹೋಗಿದ್ದು ನಿಜ. ಹಾಗೆಂದು ಪೆಟ್ಟಿಗೆಯೊಳಗಿನದ್ದೆಲ್ಲ ಚಿನ್ನವಲ್ಲ. ಒಳಗೇನಿದೆ ಎಂದು ತೆರೆಯುವವರೆಗೆ ತಿಳಿಯುವುದಿಲ್ಲ. ಹಲವು ಸರಣಿಗಳಲ್ಲಿ ‘ಸೀಕ್ರೆಟ್’ ಗೊಂಬೆ ಸಿಗುವುದು ಸರಾಸರಿ 72 ಪೆಟ್ಟಿಗೆಗೆ ಒಂದು. ಬಿದರಿ ಹೂಜಿ ಕೊಳ್ಳುವಾಗ ಅಸಲಿಯೋ ನಕಲಿಯೋ ಎಂದು ತಿರುಗಿಸಿ ನೋಡುವ ನಾವು, ‘ಲಿಮಿಟೆಡ್ ಎಡಿಷನ್’ ಎಂಬ ಮಾತು ಕೇಳಿದಾಗಲೂ ಅಷ್ಟೇ ಎಚ್ಚರ ವಹಿಸಬೇಕು. ಮುಂಗಡ ಹಣ ಕೇಳುವ ಅಪರಿಚಿತರಿಗೆ ಯುಪಿಐ ಮಾಡಬೇಡಿ.

ಸುಡಬಹುದೇ?

ಖಂಡಿತ ಬೇಡ. ಲಬುಬುವಿನ ಮುಖ ಪಿವಿಸಿ ಪ್ಲಾಸ್ಟಿಕ್‌ನದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮಿ ಕಣ್ಣು, ಗಂಟಲು, ಶ್ವಾಸಕೋಶ ಉರಿಯುತ್ತವೆ; ವಿಷಕಾರಿ ಡಯಾಕ್ಸಿನ್‌ಗಳೂ ಹುಟ್ಟಬಹುದು. ಬೇಡವಾದ ಗೊಂಬೆಯನ್ನು ಒಣಕಸಕ್ಕೆ ಹಾಕಿ.

ಒಟ್ಟಿನಲ್ಲಿ, ಗೊಂಬೆಯೊಳಗೆ ಭೂತವಿದೆ ಎಂಬುದು ಸುಳ್ಳು. ಆ ಸಂದೇಶ ನಂಬಿ ಗೊಂಬೆಗೆ ಬೆಂಕಿ ಹಚ್ಚಿದರೆ ಎದ್ದೇಳುವ ವಿಷದ ಹೊಗೆ ಮಾತ್ರ ನಿಜ. ಮನೆಯ ಗ್ರೂಪ್‌ಗೆ ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.