ಸಿಲಿಂಡರಿನ ಕೊರಳಿನ ಅಂಕಿ

ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ಒಮ್ಮೆ ತಿರುಗಿಸಿ ನೋಡಿ. ಮೇಲಿನ ಹಿಡಿಕೆಯ ಬಳೆಯನ್ನು ಹೊತ್ತು ನಿಂತ ಪಟ್ಟಿಗಳಲ್ಲಿ ಒಂದರ ಒಳಮೈಗೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ: ‘ಬಿ–27’ ಎಂದೋ, ‘ಡಿ–28’ ಎಂದೋ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್. ಹೀಗೆ ವರ್ಷವನ್ನು ನಾಲ್ಕು ಪಾಲು ಮಾಡಿ, ಈ ಸಿಲಿಂಡರಿನ ಮುಂದಿನ ಪರೀಕ್ಷೆ ಯಾವಾಗ ಎಂದು ಹೇಳುವ ಗುರುತು ಅದು. ದಿನಾ ಕಣ್ಣೆದುರಿಗಿದ್ದರೂ ಅದನ್ನು ಓದುವವರು ಕಡಿಮೆ. ಒತ್ತಡ ತುಂಬಿಕೊಂಡ ಪಾತ್ರೆಯ ವಯಸ್ಸು ಯಾರಿಗೆ ಗೊತ್ತಿರಬೇಕು, ಅದನ್ನು ಎಲ್ಲಿ ಬರೆದಿಡಬೇಕು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮೋಟಾರು ಸಾರಿಗೆಯ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತ ತಿರುಗುವಾಗ ಈ ಪ್ರಶ್ನೆ ನನಗೆ ಎದುರಾಯಿತು. ಚನ್ನಮ್ಮನ ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೊರಳಿದರೆ ಬೈಲಹೊಂಗಲದ ಎರೆನೆಲ, ಮುಂದೆ ಸವದತ್ತಿಯ ಯಲ್ಲಮ್ಮನ ಗುಡ್ಡ, ಅದರಾಚೆ ರಾಮದುರ್ಗ. ಈ ದಾರಿಗಳಲ್ಲಿ ಬಸ್ಸಿನಷ್ಟೇ ಜನರನ್ನು ಹೊರುವುದು ಟಂಟಂ, ಆಟೋ, ವ್ಯಾನುಗಳು. ಈಚಿನ ವರ್ಷಗಳಲ್ಲಿ ಅವುಗಳಲ್ಲಿ ಸಿಎನ್‌ಜಿಯವು ಹೆಚ್ಚುತ್ತಿವೆ.

ಬನದ ಹುಣ್ಣಿಮೆಯ ಹೊತ್ತಿನಲ್ಲಿ, ಗುಡ್ಡದ ದಾರಿಯ ಒಂದು ಪಂಪಿನಲ್ಲಿ ನಿಂತಿದ್ದೆ. ಗ್ಯಾಸ್ ಹಾಕುವಾಗ ಯಾರೂ ಒಳಗೆ ಕೂತಿರಬಾರದು ಎಂಬ ನಿಯಮದಂತೆ ವ್ಯಾನಿನಿಂದ ಎಲ್ಲರೂ ಇಳಿದಿದ್ದರು. ಅಜ್ಜಿಯೊಬ್ಬರು ಭಂಡಾರದ ಚೀಲ ಎದೆಗವಚಿಕೊಂಡು ದೂರ ಸರಿದು ನಿಂತಿದ್ದರು. ಪಂಪಿನ ಹುಡುಗ ಬಗ್ಗಿ, ಸಿಲಿಂಡರಿನ ತಗಡಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ.

“ಅಣ್ಣಾರ, ಇದರ ತಾರೀಖ ಮುಗದೈತ್ರಿ. ಟೆಸ್ಟಿಂಗ್ ಮಾಡಿಸ್ಕೊಂಡ ಬರ್ರಿ.”

“ಮಾಡಸ್ತೀನೋ ತಮ್ಮಾ. ಇವತ್ತ ಹಾಕು. ಗುಡ್ಡಕ್ಕ ಹೊಂಟ ಮಂದಿನ್ನ ನಡುದಾರ್ಯಾಗ ಇಳಸಂತಿ ಏನ?”

ಹಿಂದೆ ಸಾಲು ಬೆಳೆಯುತ್ತಿತ್ತು. ಹಾರ್ನು ಶುರುವಾಯಿತು. ಹುಡುಗ ಹಾಕಿದ. ಇಪ್ಪತ್ತು ದಾಟಿರದ ಹುಡುಗನ ಮೇಲೆ, ಅಪ್ಪನ ವಯಸ್ಸಿನ ಡ್ರೈವರಿಗೆ ‘ಇಲ್ಲ’ ಎನ್ನುವ ಹೊಣೆ ಬಿದ್ದಿತ್ತು. ಸುರಕ್ಷತೆಯ ಕಾನೂನಿನ ಅಷ್ಟೂ ಭಾರ ಕೊನೆಗೆ ಬಂದು ಕೂರುವುದು ಅವನ ಹೆಗಲ ಮೇಲೆಯೇ.

ಆ ‘ಇಲ್ಲ’ಕ್ಕೆ ಯಾಕಷ್ಟು ಬೆಲೆ ಎಂದು ತಿಳಿಯಲು ಒಂದು ಅಳತೆ ಸಾಕು. ಕಾರಿನ ಗಾಲಿಯಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಸಿಎನ್‌ಜಿ ಸಿಲಿಂಡರ್ ತುಂಬಿದಾಗ ಒಳಗಿರುವುದು 200 ಬಾರ್. ಪ್ರತಿ ಸಲ ತುಂಬಿದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಖಾಲಿಯಾದಂತೆ ಕುಗ್ಗುತ್ತದೆ. ದಿನಕ್ಕೆ ಎರಡು ಸಲ ತುಂಬಿಸುವ ಆಟೋದಲ್ಲಿ ಈ ಉಸಿರಾಟ ವರ್ಷಕ್ಕೆ ಏಳುನೂರು ದಾಟುತ್ತದೆ. ಜತೆಗೆ ತುಕ್ಕು, ಕೆಟ್ಟ ರಸ್ತೆಯ ಪೆಟ್ಟು, ಮನಬಂದಂತೆ ಮಾಡಿಸಿದ ವೆಲ್ಡಿಂಗ್. ಆದ್ದರಿಂದಲೇ ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ನೀರು ತುಂಬಿ, ಕೆಲಸದ ಒತ್ತಡದ ಒಂದೂಮುಕ್ಕಾಲು ಪಟ್ಟಿನ ಹತ್ತಿರಕ್ಕೆ ಏರಿಸಿ ನೋಡುತ್ತಾರೆ. ಒತ್ತಡ ಇಳಿಸಿದ ಮೇಲೂ ಸಿಲಿಂಡರ್ ಹಿಗ್ಗಿಯೇ ಉಳಿದರೆ ಅದಕ್ಕೆ ದಣಿವಾಗಿದೆ ಎಂದು ಅರ್ಥ. ಗಾಳಿಯ ಬದಲು ನೀರು ಯಾಕೆಂದರೆ, ನೀರು ಹೆಚ್ಚು ಕುಗ್ಗುವುದಿಲ್ಲ. ಸಿಲಿಂಡರ್ ಒಡೆದರೂ ಸಿಡಿಯುವ ಬಲ ಅಲ್ಪ. ಸಿಎನ್‌ಜಿ ಅಪಾಯ ಹೆಚ್ಚಾಗಿ ತುಂಬುವ ಹೊತ್ತಿಗೇ ಎರಗುವುದರಿಂದ, ಪರೀಕ್ಷೆಯ ತಾರೀಖು ಗೊತ್ತಿರಬೇಕಾದ ಜಾಗವೂ ನಾಜಲ್ಲಿನ ಬಾಯಿಯೇ.

ಈ ಮಾತು ಮೊದಲು ಎದ್ದದ್ದು ಉಗಿಯ ಕಾಲದಲ್ಲಿ. 1863ರಲ್ಲಿ ಕಲ್ಕತ್ತದಲ್ಲಿ ದೊಡ್ಡ ಬಾಯ್ಲರೊಂದು ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಆಮೇಲೆ ಪ್ರಾಂತಕ್ಕೊಂದು ಕಾಯ್ದೆ, ಪ್ರಾಂತಕ್ಕೊಂದು ಅಳತೆ. ಒಂದು ಕಡೆ ನಪಾಸಾದ ಬಾಯ್ಲರ್ ಇನ್ನೊಂದು ಕಡೆ ಪಾಸಾಗುವುದಕ್ಕೆ ಅಡ್ಡಿಯಿರಲಿಲ್ಲ. 1923ರ ಭಾರತೀಯ ಬಾಯ್ಲರ್ ಕಾಯ್ದೆ ಇದನ್ನೆಲ್ಲ ಒಂದುಗೂಡಿಸಿತು. ಅನಿಲದ ಸರದಿ ಬಂದದ್ದು 1938ರ ಸೆಪ್ಟೆಂಬರಿನಲ್ಲಿ. ಲೋಹದ ಪಾತ್ರೆಯಲ್ಲಿ ಒತ್ತಿ ತುಂಬಿದ ಅನಿಲವನ್ನೂ 1884ರ ಸ್ಫೋಟಕ ಕಾಯ್ದೆಯ ಅಡಿಯಲ್ಲಿ ‘ಸ್ಫೋಟಕ’ವೆಂದೇ ಎಣಿಸತಕ್ಕದ್ದು ಎಂದು ಸರ್ಕಾರ ಸಾರಿತು. 1940ರಲ್ಲಿ ಗ್ಯಾಸ್ ಸಿಲಿಂಡರ್ ನಿಯಮಗಳು ಬಂದವು. ಸಿಲಿಂಡರಿನ ಕೊರಳಿನ ಉಕ್ಕಿನಲ್ಲೇ ತಯಾರಕರ ಗುರುತು, ಸಂಖ್ಯೆ, ಪರೀಕ್ಷೆಯ ತಾರೀಖು ಅಚ್ಚೊತ್ತುವ ಪದ್ಧತಿ ಕಾನೂನಿನ ಬಲ ಪಡೆಯಿತು. ಆ ನಿಯಮಗಳು 1981, 2004, 2016ರಲ್ಲಿ ಹೊಸ ಅಂಗಿ ತೊಟ್ಟಿವೆ. ಇಂದು ಅವುಗಳನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ‘ಪೆಸೊ’, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ.

ಅದೇ 1940ರ ದಶಕದಲ್ಲಿ ನಮ್ಮ ರಸ್ತೆಗಳಲ್ಲೂ ಅನಿಲದ ಗಾಡಿಗಳು ಓಡಿದವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರ ಅನಿಲದಿಂದ ಇಂಜಿನ್ ನಡೆಸುತ್ತಿದ್ದರು. ಇದ್ದಿಲು ಬಸ್ಸು ಏರು ಬಂದಾಗ ಏದುಸಿರು ಬಿಡುತ್ತಿತ್ತು, ಹತ್ತಿದವರೇ ಇಳಿದು ತಳ್ಳಬೇಕಿತ್ತು ಎಂಬುದು ಹಿಂದಿನ ತಲೆಮಾರಿನ ನೆಚ್ಚಿನ ಕತೆ. ಅಲ್ಲಿ ವಿಷಾನಿಲದ ಭಯವಿತ್ತು, ಒತ್ತಡದ ಭಯವಿರಲಿಲ್ಲ. ಬೇಕಾದಷ್ಟನ್ನು ಆಗಿಂದಾಗ ಹುಟ್ಟಿಸಿಕೊಳ್ಳುತ್ತಿದ್ದುದರಿಂದ ಕೂಡಿಡುವ ಮಾತೇ ಇರಲಿಲ್ಲ.

ಕೂಡಿಟ್ಟ ಅನಿಲ ಗಾಡಿಗೆ ಬಂದದ್ದು ಕಳ್ಳದಾರಿಯಿಂದ. ಓಮ್ನಿಯ ಹಿಂಬದಿಯಲ್ಲಿ ಮನೆಯ ಕೆಂಪು ಸಿಲಿಂಡರ್ ಮಲಗಿಸಿಕೊಂಡು, ಮೇಲೆ ಗೋಣಿಚೀಲ ಹೊದಿಸಿಕೊಂಡು ಓಡಾಡಿದ ದಿನಗಳು ನನ್ನ ಓರಗೆಯವರಿಗೂ ನೆನಪಿವೆ. ಮೋಟಾರು ವಾಹನ ಕಾಯ್ದೆಗೆ 2000ದಲ್ಲಿ ತಿದ್ದುಪಡಿಯಾಗಿ, ಮರುವರ್ಷ ಅದಕ್ಕೆಂದೇ ಆದೇಶ ಬರುವವರೆಗೆ ಎಲ್‌ಪಿಜಿ ಗಾಡಿಯ ಇಂಧನವೆಂದು ಕಾನೂನು ಒಪ್ಪಿರಲಿಲ್ಲ. ಒಪ್ಪಿದ ಮೇಲೂ ಕೆಂಪು ಸಿಲಿಂಡರ್ ಬಹಳ ದಿನ ಹೋಗಲಿಲ್ಲ. ಈ ಕಳ್ಳದಾರಿಯನ್ನು ಬರೀ ಜನರ ಬೇಜವಾಬ್ದಾರಿ ಎಂದು ಓದುವುದು ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲಿನ ದರಕ್ಕೂ ದಿನದ ಗಳಿಕೆಗೂ ನಡುವಿನ ಅಂತರವನ್ನು ಜನ ತಮಗೆ ಸಿಕ್ಕಿದ್ದರಿಂದ ತುಂಬಿಕೊಂಡರು.

ಸಿಎನ್‌ಜಿಯ ಹಾದಿ ಬೇರೆ. ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈ 28ರಂದು ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. ಅದು ಹೊಗೆಯ ಕಾರಣಕ್ಕೆ ಕೊಟ್ಟ ತೀರ್ಪು. ನಮ್ಮ ಕಡೆ ಗೇಲ್ ಕಂಪನಿಯ ದಾಭೋಳ–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಶುರುವಾದ ಮೇಲೆ ಬಾಗಿಲು ತೆರೆಯಿತು. ಕೊಳವೆ ತಲುಪದ ಊರಿನ ಪಂಪಿಗೆ ಲಾರಿಯ ಮೇಲೆ ಸಾಲುಸಾಲು ಸಿಲಿಂಡರ್ ಜೋಡಿಸಿ ಅನಿಲ ತರುತ್ತಾರೆ. ಕೊಳವೆಗೆ ಜೋಡಿಸಿದ್ದು ‘ತಾಯಿ’ ನಿಲ್ದಾಣ, ಲಾರಿ ಬರುವುದು ‘ಮಗಳು’ ನಿಲ್ದಾಣ. ಇಂಜಿನಿಯರುಗಳೇ ಇಟ್ಟ ಹೆಸರಿದು. ಯಲ್ಲಮ್ಮನ ಸೀಮೆಯಲ್ಲಿ ಇದು ಚೆನ್ನಾಗಿಯೇ ಒಪ್ಪುತ್ತದೆ.

ಹುಡುಗನ ಹೆಬ್ಬೆರಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆ ಇಲ್ಲಿಗೆ ಸೇರುತ್ತದೆ. ಕಿತ್ತೂರಿನಿಂದ ಬೆಳಗಾವಿಗೆ ಹೋಗುವಾಗ ಹಿರೇಬಾಗೇವಾಡಿಯ ಟೋಲ್ ನಾಕಾದಲ್ಲಿ ಗಾಡಿಯ ಗಾಜಿಗಂಟಿದ ಫಾಸ್ಟ್ಯಾಗ್ ಏನು ಮಾಡುತ್ತದೋ ಇದೂ ಅದೇ ಜಾತಿಯದು. ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರ ಕಳಿಸಿದ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಟೋಲಿನಲ್ಲಿ 2021ರ ಫೆಬ್ರವರಿಯಿಂದ ಕಡ್ಡಾಯವಾದ ಈ ವಿದ್ಯೆಯನ್ನು ಗ್ಯಾಸಿನ ಬಾಯಿಗೆ ತಂದರೆ ಹೀಗಿರುತ್ತದೆ: ಗಾಡಿಯ ತುಂಬುವ ಮೂತಿಯ ಪಕ್ಕ ಒಂದು ಚಿಪ್, ನಾಜಲ್ಲಿನಲ್ಲಿ ಅದನ್ನು ಓದುವ ಯಂತ್ರ. ಸಂಖ್ಯೆ ಓದಿ, ಕೊನೆಯ ಪರೀಕ್ಷೆಯ ತಾರೀಖು ಹುಡುಕಿ, ಸರಿಯಿದ್ದರೆ ಮಾತ್ರ ಕವಾಟ ತೆರೆಯುತ್ತದೆ. ಕಿಡಿ ಹಾರದಂತೆ ಓದುವ ಯಂತ್ರವನ್ನು ಕಟ್ಟಬೇಕು. ಲೋಹ ರೇಡಿಯೋ ಅಲೆಯನ್ನು ಕೆಡಿಸುವುದರಿಂದ ಚಿಪ್ಪೂ ಉಕ್ಕಿನ ಪಕ್ಕ ಬಾಳುವಂಥದ್ದಾಗಬೇಕು. ಕಿತ್ತು ಇನ್ನೊಂದು ಗಾಡಿಗೆ ಅಂಟಿಸಹೋದರೆ ಮುರಿಯುವಂತೆಯೂ ಇರಬೇಕು.

ಇದು ಬರೀ ಕಲ್ಪನೆಯಲ್ಲ. ಪೆರು ದೇಶದ ಲಿಮಾ ನಗರಕ್ಕೆ ಕಮಿಸೆಯಾ ಅನಿಲ 2004ರಲ್ಲಿ ಬಂತು. ಅಲ್ಲಿ ಗಾಡಿಗಳಿಗೆ ಚಿಪ್ ಹಾಕಿ, ವರ್ಷದ ತಪಾಸಣೆ ಆಗದಿದ್ದರೆ ಪಂಪೇ ಗ್ಯಾಸ್ ಕೊಡದಂತೆ ‘ಇನ್ಫೊಗ್ಯಾಸ್’ ಎಂಬ ವ್ಯವಸ್ಥೆ ಕಟ್ಟಿದರು. ಅದನ್ನು ನಡೆಸಿದ್ದು ಸರ್ಕಾರಿ ಅಭಿವೃದ್ಧಿ ಬ್ಯಾಂಕಾದ ಕೊಫಿಡೆ. ಗಾಡಿಯನ್ನು ಗ್ಯಾಸಿಗೆ ಬದಲಾಯಿಸಲು ಕೊಟ್ಟ ಸಾಲದ ಕಂತನ್ನು ಪ್ರತಿ ಸಲ ಗ್ಯಾಸ್ ತುಂಬಿಸುವಾಗ ಒಂದಿಷ್ಟು ಹಣವಾಗಿ ಕಡಿದುಕೊಳ್ಳುವುದಕ್ಕೂ ಅದೇ ಚಿಪ್ ಬಳಕೆಯಾಯಿತು. ಟ್ಯಾಕ್ಸಿ ಓಡಿಸುವವನಿಗೆ ತಿಂಗಳ ಕೊನೆಗೆ ದೊಡ್ಡ ಮೊತ್ತ ಹೊಂದಿಸುವ ತಾಪತ್ರಯ ತಪ್ಪಿತು. ಆದರೆ ಸುರಕ್ಷತೆಗೆಂದು ಹಾಕಿದ ಚಿಪ್ ಸಾಲದ ಲೆಕ್ಕವನ್ನೂ ಹೊತ್ತಿತು. ನಾಳೆ ನಮ್ಮಲ್ಲಿ ದಂಡ, ತೆರಿಗೆ, ವಿಮೆಯ ಬಾಕಿಗಳೂ ಅದೇ ಚಿಪ್ಪಿನ ಮೇಲೆ ಸವಾರಿ ಮಾಡಲು ಬಯಸಿದರೆ ಅಚ್ಚರಿಯಿಲ್ಲ. ಹಾಗಾದಲ್ಲಿ ಡ್ರೈವರನು ಚಿಪ್ಪನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾನೆ, ಗೋಣಿಚೀಲದ ಓಮ್ನಿ ಬೇರೆ ವೇಷದಲ್ಲಿ ಮರಳುತ್ತದೆ. ತಾರೀಖು ಹೇಳುವ ಚಿಪ್ ತಾರೀಖನ್ನಷ್ಟೇ ಹೇಳಲಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಚಿಪ್ ಸಿಲಿಂಡರನ್ನು ಪರೀಕ್ಷಿಸುವುದಿಲ್ಲ, ಪರೀಕ್ಷೆ ಆಗಿದೆ ಎಂದಷ್ಟೇ ಹೇಳುತ್ತದೆ. ನೀರು ತುಂಬಿ ನೋಡುವ ಕೇಂದ್ರಗಳು ಇರುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ರಾಮದುರ್ಗದ ಆಟೋದವನು ಸಿಲಿಂಡರ್ ಬಿಚ್ಚಿಸಿ, ಒಯ್ದು, ಮರಳಿ ಕೂಡಿಸುವಷ್ಟರಲ್ಲಿ ಒಂದೆರಡು ದಿನದ ದುಡಿಮೆ ಹೋಗುತ್ತದೆ. ಅವನು ತಾರೀಖು ಮುಂದೂಡುವುದಕ್ಕೆ ಕಾರಣ ಅಜ್ಞಾನವಲ್ಲ, ಈ ಲೆಕ್ಕ. ಜಾತ್ರೆಗಿಂತ ಮುಂಚೆ ಸವದತ್ತಿಗೋ ಬೈಲಹೊಂಗಲಕ್ಕೋ ಪರೀಕ್ಷೆಯ ಯಂತ್ರವನ್ನೇ ತಂದು, ಬದಲಿ ಸಿಲಿಂಡರ್ ಕೊಟ್ಟು ಕಳಿಸುವ ವ್ಯವಸ್ಥೆ ಇಲ್ಲದೆ ಬರೀ ಕವಾಟ ಮುಚ್ಚಿದರೆ, ಹುಡುಗನ ಹೆಗಲಿನ ಭಾರ ಡ್ರೈವರನ ಹೊಟ್ಟೆಗೆ ಇಳಿಯುತ್ತದೆ.

ಗುರುತು ಗಾಡಿಯದ್ದೋ ಸಿಲಿಂಡರಿನದ್ದೋ ಎಂಬುದು ನಮ್ಮ ಭಾಗದಲ್ಲಿ ಮುಖ್ಯವಾಗುವ ಪ್ರಶ್ನೆ. ಇಲ್ಲಿನ ಎಷ್ಟೋ ವ್ಯಾನುಗಳು ಪುಣೆ, ಕೊಲ್ಲಾಪುರದ ಕಡೆಯಿಂದ ಕೈ ಬದಲಾಗಿ ಬಂದವು. ಗಾಡಿಯ ಕಾಗದ ಗಡಿ ದಾಟಿ ಬರುತ್ತದೆ, ಸಿಲಿಂಡರಿನದ್ದು ಹಲವು ಸಲ ದಾಟುವುದಿಲ್ಲ. ಒಂದರದು ಬಿಚ್ಚಿ ಇನ್ನೊಂದಕ್ಕೆ ಕೂಡಿಸುವುದೂ ಉಂಟು. ಚಿಪ್ಪನ್ನು ಗಾಡಿಯ ನಂಬರಿಗೆ ಮಾತ್ರ ಕಟ್ಟಿದರೆ ಹೊಸ ಹೆಸರಿನ ಕೆಳಗೆ ಹಳೆಯ ಉಕ್ಕು ಓಡಾಡುತ್ತಿರುತ್ತದೆ. 1923ರ ಬಾಯ್ಲರ್ ಕಾಯ್ದೆ ಬರೆದವರಿಗೆ ಇದು ಹೊಳೆದಿತ್ತು. ನೋಂದಣಿ ಸಂಖ್ಯೆಯನ್ನು ಅಳಿಸಲಾಗದಂತೆ ಬಾಯ್ಲರಿನ ಮೈಮೇಲೆಯೇ ಗುರುತು ಮಾಡಿಸಬೇಕು ಎಂದು ಅವರು ವಿಧಿಸಿದರು. ಆರನೆಯ ಕಲಮಿನಲ್ಲಿ ಇನ್ನೊಂದು ಷರತ್ತು ಸೇರಿಸಿದರು: ಒಂದು ಪ್ರಾಂತದಿಂದ ಇನ್ನೊಂದಕ್ಕೆ ಸಾಗಿಸಿದ ಬಾಯ್ಲರನ್ನು, ಆ ಸಾಗಣೆಯ ವರದಿ ಒಪ್ಪಿಸುವ ತನಕ ಹೊತ್ತಿಸುವಂತಿಲ್ಲ.